ಓದಿದವರಿಗಷ್ಟೇ ಮತ ಕೊಟ್ಟ ದೇಶಗಳಲ್ಲಿ ನಡೆದದ್ದೇನು?

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ತಿಂಗಳು ನಮ್ಮಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ, ‘ಮತದಾನದ ಹಕ್ಕು ವಿದ್ಯಾವಂತರಿಗೆ ಮಾತ್ರ ಇರಬೇಕು’. ಪರವಾಗಿ ಮಾತಾಡಿದ ಹತ್ತನೇ ತರಗತಿಯ ಹುಡುಗ, ‘ಇಂಗ್ಲೆಂಡಿನಲ್ಲಿ ನೂರು ವರ್ಷ ಓದಿದವರಿಗೆ, ಆಸ್ತಿ ಇದ್ದವರಿಗೆ ಮಾತ್ರ ಮತ ಇತ್ತು, ಅದಕ್ಕೇ ಆ ದೇಶ ಮುಂದೆ ಬಂತು. ಸ್ವಾತಂತ್ರ್ಯದ ಬಗ್ಗೆ ಅಷ್ಟೆಲ್ಲ ಬರೆದ ಜಾನ್ ಸ್ಟುವರ್ಟ್ ಮಿಲ್ ಕೂಡ ಓದಿದವರಿಗೆ ಹೆಚ್ಚು ಮತ ಕೊಡಿ ಅಂದಿದ್ದ. ನಾವು ಒಂದೇ ಸಲಕ್ಕೆ ಎಲ್ಲರಿಗೂ ಕೊಟ್ಟು ಕೆಟ್ಟೆವು’ ಅಂದ. ಚಪ್ಪಾಳೆಯೋ ಚಪ್ಪಾಳೆ. ಸ್ಟಾಫ್ ರೂಮಿನಲ್ಲೂ ‘ಗಾಡಿ ಓಡಿಸೋಕೆ ಲೈಸೆನ್ಸ್ ಬೇಕು, ದೇಶ ನಡೆಸೋರನ್ನ ಆರಿಸೋಕೆ ಬೇಡವಾ?’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗನ ಅಪ್ಪ, ಅವ್ವ ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವನ ಬಾಯಲ್ಲಿ ಆ ಮಾತು ಕೇಳಿ ಸಂಕಟವಾಯಿತು. ಅವನು ಹೇಳಿದ್ದು ನಿಜವೇ? ಮಿಲ್‌ನಂಥ ಉದಾರವಾದಿಗಳದ್ದು, ಅಂದರೆ ವ್ಯಕ್ತಿಯ ಸ್ವಾತಂತ್ರ್ಯ, ಚುನಾಯಿತ ಸರ್ಕಾರ ಬೇಕೆಂದವರದ್ದು, ಬರೀ ಬೂಟಾಟಿಕೆಯೇ? ಪರೀಕ್ಷೆ, ಹೆಚ್ಚುವರಿ ಮತ ಇವನ್ನೆಲ್ಲ ಯಾವುದಾದರೂ ದೇಶ ಮಾಡಿ ನೋಡಿದೆಯೇ? ಹುಡುಗನಿಗೆ ಅವಮಾನವಾಗದ ಹಾಗೆ ಇದನ್ನು ತರಗತಿಯಲ್ಲಿ ಹೇಗೆ ಎತ್ತಲಿ?

ಉತ್ತರ: ನಿಮ್ಮ ಪತ್ರ ಓದಿ ಸಂತೋಷವೂ ಆಯಿತು, ನಿಮ್ಮ ಸಂಕಟವೂ ಅರ್ಥವಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಕಲಿಸಿದ್ದೇನೆ. ಈ ಪ್ರಶ್ನೆ ಬಾರದ ವರ್ಷವೇ ಇರಲಿಲ್ಲ. ಕೇಳುತ್ತಿದ್ದವರು ಹೆಚ್ಚಾಗಿ ತರಗತಿಯ ಚುರುಕು ಹುಡುಗರೇ, ಅದರಲ್ಲೂ ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರು. ಕಷ್ಟಪಟ್ಟು ಓದಿದವನಿಗೆ ಓದಿಗೊಂದು ಬೆಲೆ ಸಿಗಲಿ ಅನಿಸುವುದು ಸಹಜ. ಆ ಹುಡುಗ ಅಪ್ಪ–ಅವ್ವನನ್ನು ಹೀಗಳೆಯಲು ಹೇಳಿದ ಮಾತಲ್ಲ ಅದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಅವನ ಮಾತಿನಲ್ಲಿ ನಿಜವೂ ಇದೆ. ಇಂಗ್ಲಿಷ್ ಚಿಂತಕ ಮಿಲ್ ಹಾಗೆ ಬರೆದದ್ದು ಹೌದು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಬಹುಪಾಲು ಜನಕ್ಕೆ ಮತ ಇರಲಿಲ್ಲ ಎಂಬುದೂ ಹೌದು. ತಪ್ಪಿರುವುದು ‘ಓದಿದವರಿಗೆ’ ಎಂಬಲ್ಲಿ ಮತ್ತು ‘ಅದಕ್ಕೇ’ ಎಂಬಲ್ಲಿ. ಎರಡೇ ಪದ, ಆದರೆ ಇಡೀ ವಾದ ನಿಂತಿರುವುದು ಅವುಗಳ ಮೇಲೆ.

ಇಂಗ್ಲೆಂಡಿನ ಚುನಾವಣಾ ಪದ್ಧತಿಯನ್ನು ಬದಲಿಸಿದ 1832ರ ಸುಧಾರಣಾ ಕಾಯ್ದೆಯಿಂದ ಶುರುಮಾಡುತ್ತೇನೆ. ಅದಕ್ಕೂ ಮುಂಚೆ ಓಲ್ಡ್ ಸೇರಂ ಎಂಬ ಒಂದು ಬೋಳು ದಿಬ್ಬಕ್ಕೆ ಸಂಸತ್ತಿನಲ್ಲಿ ಇಬ್ಬರು ಸದಸ್ಯರಿದ್ದರು. ಊರೇ ಇಲ್ಲ, ಸದಸ್ಯರು ಮಾತ್ರ ಇದ್ದರು. ಡನ್‌ವಿಚ್ ಎಂಬ ಊರಿನ ಬಹುಭಾಗವನ್ನು ಸಮುದ್ರ ನುಂಗಿಹಾಕಿತ್ತು, ಅದಕ್ಕೂ ಇಬ್ಬರು. ಅದೇ ಹೊತ್ತಿನಲ್ಲಿ ಲಕ್ಷ ಮೀರಿದ ಜನ ಹತ್ತಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಮ್ಯಾಂಚೆಸ್ಟರ್‌ಗೆ ತನ್ನದೇ ಅಂತ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಬರ್ಮಿಂಗ್‌ಹ್ಯಾಮ್, ಲೀಡ್ಸ್ ಕಥೆಯೂ ಅದೇ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಪ್ರಾತಿನಿಧ್ಯ ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಪಡೆ ಕತ್ತಿ ಹಿರಿದು ನುಗ್ಗಿತು. ಹನ್ನೆರಡಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. ಮಕ್ಕಳನ್ನು ಕರೆದುಕೊಂಡು, ಹಬ್ಬದ ಬಟ್ಟೆ ಉಟ್ಟು ಬಂದಿದ್ದ ಜನ ಅವರು.

1832ರ ಕಾಯ್ದೆ ಇಂಥ 56 ಊರುಗಳ ಪ್ರಾತಿನಿಧ್ಯ ತೆಗೆದುಹಾಕಿತು, ಹೊಸ ಪಟ್ಟಣಗಳಿಗೆ ಸ್ಥಾನ ಕೊಟ್ಟಿತು. ಪಟ್ಟಣಗಳಲ್ಲಿ ಮತ ಯಾರಿಗೆ? ವರ್ಷಕ್ಕೆ ಕನಿಷ್ಠ 10 ಪೌಂಡ್ ಬಾಡಿಗೆ ಬೆಲೆ ಬಾಳುವ ಮನೆಯಲ್ಲೋ ಅಂಗಡಿಯಲ್ಲೋ ಇರುವ ಗಂಡಸಿಗೆ. ಇಲ್ಲಿ ಓದಿನ ಮಾತೇ ಇಲ್ಲ ನೋಡಿ. ಅಕ್ಷರ ಬಾರದ ಮಾಂಸದಂಗಡಿಯವನಿಗೆ ಮತ ಬಂತು. ಸಣ್ಣ ಕೋಣೆ ಬಾಡಿಗೆಗೆ ಹಿಡಿದು ಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ಬರಲಿಲ್ಲ. ಆ ಕಾಯ್ದೆ ಬಂದ ಮೇಲೂ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಐವರು ವಯಸ್ಕ ಗಂಡಸರಲ್ಲಿ ಮತ ಇದ್ದದ್ದು ಸುಮಾರು ಒಬ್ಬನಿಗೆ. ಓದಿನ ಲೆಕ್ಕದ ಮೇಲೆ ಮತ ಇದ್ದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ವಿಶ್ವವಿದ್ಯಾಲಯಗಳ ಕೆಲವೇ ಸ್ಥಾನಗಳಿಗೆ ಮಾತ್ರ. ಹೀಗಾಗಿ ‘ಇಂಗ್ಲೆಂಡಿನಲ್ಲಿ ಓದಿದವರಿಗೆ ಮತ ಇತ್ತು’ ಎಂಬುದು ಸರಿಯಲ್ಲ. ಬಾಡಿಗೆ ಕಟ್ಟುವ ತಾಕತ್ತು ಇದ್ದವರಿಗೆ ಇತ್ತು ಎಂದರೆ ಸರಿ.

ಇನ್ನೊಂದು ವಿಷಯವನ್ನು ನಿಮ್ಮ ಮಕ್ಕಳಿಗೆ ತಪ್ಪದೆ ಹೇಳಿ. 1872ರಲ್ಲಿ ಗುಪ್ತ ಮತದಾನದ ಕಾಯ್ದೆ ಬಂದಾಗ, ಓದಲು ಬಾರದ ಮತದಾರ ಹಾಗಂತ ಘೋಷಿಸಿದರೆ ಮತಗಟ್ಟೆಯ ಅಧಿಕಾರಿ ಅವನು ಹೇಳಿದ ಹೆಸರಿಗೆ ಗುರುತು ಹಾಕಿಕೊಡಬೇಕು ಎಂಬ ಅವಕಾಶವನ್ನು ಅದೇ ಕಾಯ್ದೆಯಲ್ಲಿ ಬರೆದಿಟ್ಟರು. ನಮ್ಮ ಹುಡುಗರು ಮೆಚ್ಚಿಕೊಳ್ಳುವ ಆ ಇಂಗ್ಲೆಂಡು ಓದು ಬಾರದವನನ್ನು ಮತಗಟ್ಟೆಯಿಂದ ಹೊರಗೆ ಕಳಿಸಲಿಲ್ಲ, ಒಳಗೆ ಕರೆದು ಸಹಾಯ ಮಾಡಿತು.

ಈಗ ‘ಅದಕ್ಕೇ ಮುಂದೆ ಬಂತು’ ಎಂಬ ಮಾತು. ಇಂಗ್ಲೆಂಡು ಶ್ರೀಮಂತವಾಗಿದ್ದು ಕಲ್ಲಿದ್ದಲಿನಿಂದ, ಉಗಿಯಂತ್ರದಿಂದ, ಗಿರಣಿಗಳಿಂದ, ವಸಾಹತುಗಳ ವ್ಯಾಪಾರದಿಂದ. ಆ ಗಿರಣಿಗಳಿದ್ದ ಊರುಗಳಿಗೇ ಬಹುಕಾಲ ಪ್ರತಿನಿಧಿ ಇರಲಿಲ್ಲ ಎಂದು ಆಗಲೇ ಹೇಳಿದೆ. ಆಸ್ತಿವಂತರ ಸಂಸತ್ತು ಏನು ಮಾಡಿತು ಎಂಬುದಕ್ಕೆ 1815ರ ಧಾನ್ಯ ಕಾಯ್ದೆ ಒಳ್ಳೆಯ ಉದಾಹರಣೆ. ದೇಶದೊಳಗೆ ಗೋಧಿಯ ಬೆಲೆ ಒಂದು ಕ್ವಾರ್ಟರ್ ಅಳತೆಗೆ 80 ಶಿಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಬರಕೂಡದು ಅಂದರು. ಸಂಸತ್ತಿನಲ್ಲಿ ಕೂತವರೆಲ್ಲ ಹೆಚ್ಚುಕಡಿಮೆ ಜಮೀನಿನ ಒಡೆಯರೇ. ಗೋಧಿ ದುಬಾರಿಯಾದರೆ ಅವರ ಗೇಣಿ ಹೆಚ್ಚುತ್ತದೆ, ಕೂಲಿಯವನ ರೊಟ್ಟಿ ಸಣ್ಣದಾಗುತ್ತದೆ. ಅದು ರದ್ದಾಗಲು 1846ರವರೆಗೆ ಕಾಯಬೇಕಾಯಿತು. ಅವರು ಓದಿದವರಲ್ಲವೇ? ಲ್ಯಾಟಿನ್, ಗ್ರೀಕ್ ಬಾಯಿಪಾಠ ಮಾಡಿದವರು. ತಿಳಿವಳಿಕೆಗೆ ಏನೂ ಕೊರತೆ ಇರಲಿಲ್ಲ, ಆ ತಿಳಿವಳಿಕೆ ತಮ್ಮ ಗದ್ದೆಯ ಕಡೆಗೆ ತಿರುಗಿತ್ತು.

ನಿಮ್ಮ ಎರಡನೇ ಪ್ರಶ್ನೆ ನನಗೆ ಬಹಳ ಮುಖ್ಯವಾದದ್ದು. ಅವರದ್ದು ಬೂಟಾಟಿಕೆಯೇ? ನಾನೂ ಪ್ರಾಯದಲ್ಲಿ ಹಾಗೇ ಪಾಠ ಮಾಡುತ್ತಿದ್ದೆ. ಆಮೇಲೆ ಅವರ ಭಾಷಣ, ಬರಹಗಳನ್ನು ಕೂತು ಓದಿದಾಗ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು ಅನಿಸಿತು.

ಅವರ ವಾದದ ತಿರುಳನ್ನು ಹೇಳಲು ಕನ್ನಡದಲ್ಲಿ ಒಂದು ಒಳ್ಳೆಯ ಪದವೇ ಇದೆ: ಹಂಗು. ಹಂಗಿನಲ್ಲಿ ಬದುಕುವವನಿಗೆ ಸ್ವಂತ ಅಭಿಪ್ರಾಯ ಇರಲಾರದು ಎಂದು ಅವರು ನಂಬಿದ್ದರು. ಗೇಣಿದಾರ ಒಡೆಯನ ಹಂಗಿನಲ್ಲಿ, ಆಳು ಧಣಿಯ ಹಂಗಿನಲ್ಲಿ, ಹೆಂಡತಿ ಗಂಡನ ಹಂಗಿನಲ್ಲಿ. ಉಪ್ಪು ತಿಂದ ಮನೆಗೆ ಎದುರಾಗಿ ಮತ ಹಾಕುವ ಎದೆಗಾರಿಕೆ ಇವರಿಗೆಲ್ಲಿಂದ ಬರಬೇಕು? ಇವರಿಗೆ ಮತ ಕೊಟ್ಟರೆ ಒಡೆಯನಿಗೇ ನೂರು ಮತ ಕೊಟ್ಟಂತೆ. ಆದ್ದರಿಂದ ಸ್ವಂತ ಕಾಲ ಮೇಲೆ ನಿಂತವನಿಗೆ ಮಾತ್ರ ಮತ ಇರಲಿ, ಅದಕ್ಕೆ ಗುರುತು ಆಸ್ತಿ. ಫ್ರಾನ್ಸಿನ ಕ್ರಾಂತಿಕಾರರು ಕೂಡ 1791ರ ಸಂವಿಧಾನದಲ್ಲಿ ಮನೆಯಾಳುಗಳನ್ನು ಮತದಿಂದ ಹೊರಗಿಟ್ಟದ್ದು ಇದೇ ಕಾರಣಕ್ಕೆ.

ಈ ಭಯಕ್ಕೆ ಆಧಾರವಿತ್ತು. ಆಗ ಮತ ಹಾಕುತ್ತಿದ್ದ ರೀತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಊರ ನಡುವೆ ಹಲಗೆಯ ಅಟ್ಟ. ಮತದಾರ ಮೆಟ್ಟಿಲು ಹತ್ತಿ ನಿಲ್ಲಬೇಕು. ತನ್ನ ಹೆಸರು, ಯಾರಿಗೆ ಮತ ಎಂಬುದನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕೆಳಗೆ ನಿಂತವರು ಕೂಗುತ್ತಾರೆ, ಕೆಲವರು ಉಘೇ ಅನ್ನುತ್ತಾರೆ, ಕೆಲವರು ಕೊಳೆತ ತರಕಾರಿ ಎಸೆಯುತ್ತಾರೆ. ಚುನಾವಣೆ ಮುಗಿದ ಮೇಲೆ ಎಷ್ಟೋ ಊರುಗಳಲ್ಲಿ ಆ ಪುಸ್ತಕವನ್ನು ಅಚ್ಚು ಹಾಕಿಸಿ ಮಾರುತ್ತಿದ್ದರು. ಯಾರು ಯಾರಿಗೆ ಮತ ಹಾಕಿದರು ಎಂದು ಹೆಸರು, ಊರು, ಕಸುಬಿನ ಸಮೇತ! ಇಂಥ ಪುಸ್ತಕಗಳ ಪುಟಗಳ ಪ್ರತಿಗಳನ್ನು ನಾನು ತರಗತಿಯಲ್ಲಿ ಹಂಚುತ್ತಿದ್ದೆ. ಚಮ್ಮಾರ, ಗಾಡಿ ರಿಪೇರಿಯವ, ಬೇಕರಿಯವ ಎಂದು ಹೆಸರುಗಳ ಸಾಲು, ಪಕ್ಕದಲ್ಲಿ ಅಭ್ಯರ್ಥಿಯ ಕೆಳಗೆ ಒಂದು ಗೆರೆ. ಆ ಗೆರೆ ನೋಡಿಯೇ ಮಕ್ಕಳಿಗೆ ಅರ್ಧ ಪಾಠ ಆಗಿಬಿಡುತ್ತಿತ್ತು.

1868ರ ಚುನಾವಣೆಯಲ್ಲಿ ವೇಲ್ಸ್‌ನ ಗೇಣಿದಾರರು ಕೆಲವು ಕಡೆ ಒಡೆಯರ ಮಾತು ಮೀರಿ ಉದಾರವಾದಿ ಪಕ್ಷಕ್ಕೆ ಮತ ಹಾಕಿದರು. ಮುಚ್ಚಿಡಲು ಏನಿತ್ತು? ಕಾರ್ಡಿಗನ್, ಕಾರ್ಮಾರ್ದನ್ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಉಳುತ್ತಿದ್ದ ಹೊಲ, ಮನೆಗಳಿಂದ ಕುಟುಂಬಗಳನ್ನು ಹೊರಹಾಕಿದರು. ಒಂದು ಮತಕ್ಕೆ ಮನೆ ಹೋಯಿತು. ಆ ಒಕ್ಕಲೆಬ್ಬಿಸುವಿಕೆಯ ಸುದ್ದಿ ಸಂಸತ್ತಿಗೆ ಬಂದು, ನಾಲ್ಕು ವರ್ಷದಲ್ಲಿ ಗುಪ್ತ ಮತದಾನದ ಕಾಯ್ದೆಯಾಗಲು ಒಂದು ಕಾರಣವಾಯಿತು.

ಇಲ್ಲೇ ಇಡೀ ಚರ್ಚೆಯ ಗಂಟು ಇದೆ ಎಂದು ನನ್ನ ಅನಿಸಿಕೆ. ಹಂಗಿನ ತೊಂದರೆ ನಿಜವಾದರೆ ಅದಕ್ಕೆ ಎರಡು ದಾರಿ. ಹಂಗಿನಲ್ಲಿರುವ ಮನುಷ್ಯನನ್ನು ಹೊರಗಿಡುವುದು ಒಂದು. ಹಂಗನ್ನೇ ಮತಗಟ್ಟೆಯ ಬಾಗಿಲಲ್ಲಿ ತಡೆಯುವುದು ಇನ್ನೊಂದು. ಶತಮಾನದ ಮೊದಲ ಅರ್ಧದ ಉದಾರವಾದಿಗಳು ಮೊದಲ ದಾರಿ ಹಿಡಿದರು. ಎರಡನೇ ದಾರಿ ಕಂಡವರು ಯಾರು ಗೊತ್ತೇ? ಮತ ಇಲ್ಲದ ಕೂಲಿಕಾರರು. 1838ರಲ್ಲಿ ಚಾರ್ಟಿಸ್ಟರು ಎಂದು ಹೆಸರಾದ ಈ ಚಳವಳಿಗಾರರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಎಲ್ಲ ವಯಸ್ಕ ಗಂಡಸರಿಗೆ ಮತ ಎಂಬುದರ ಜೊತೆಗೇ ಗುಪ್ತ ಮತದಾನವೂ ಇತ್ತು. ಒಂದಿಲ್ಲದೆ ಇನ್ನೊಂದು ನಿಲ್ಲದು ಎಂದು ಬಡಗಿಗಳಿಗೆ, ನೇಕಾರರಿಗೆ ಗೊತ್ತಿತ್ತು. ಉಳಿದ ಬೇಡಿಕೆಗಳೆಂದರೆ ಸದಸ್ಯನಾಗಲು ಆಸ್ತಿ ಬೇಡ, ಸದಸ್ಯರಿಗೆ ಸಂಬಳ ಬೇಕು, ಕ್ಷೇತ್ರಗಳು ಸಮನಾಗಿರಬೇಕು, ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕು. ಕೊನೆಯದೊಂದು ಬಿಟ್ಟು ಬಾಕಿ ಎಲ್ಲವೂ ಮುಂದೆ ಕಾನೂನಾದವು.

1842ರಲ್ಲಿ ಅವರು 33 ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಹೊತ್ತು ತಂದರು. ಸುರುಳಿ ಎಷ್ಟು ದೊಡ್ಡದಿತ್ತೆಂದರೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಬಾಗಿಲಲ್ಲಿ ತೂರಲಿಲ್ಲ, ಬಿಡಿ ಮಾಡಿ ಒಳಗೊಯ್ಯಬೇಕಾಯಿತು. ಮನವಿದಾರರ ಮಾತು ಕೇಳುವುದೂ ಬೇಡ ಎಂದು ಸಭೆ 287 ಮತಗಳಿಂದ ತೀರ್ಮಾನಿಸಿತು, ಪರವಾಗಿ ಬಂದದ್ದು 49. ಅಂದು ವಿರೋಧವಾಗಿ ಗಟ್ಟಿಯಾಗಿ ಮಾತಾಡಿದವನು ನಮಗೆಲ್ಲ ಗೊತ್ತಿರುವ ಮೆಕಾಲೆ. 1831ರಲ್ಲಿ ಸುಧಾರಣೆಯ ಪರವಾಗಿ ಅದ್ಭುತವಾಗಿ ಮಾತಾಡಿದ್ದ ಅದೇ ಮೆಕಾಲೆ! ಸಾರ್ವತ್ರಿಕ ಮತದಾನ ನಾಗರಿಕತೆಯ ಜೊತೆ ಬಾಳಲಾರದು, ಆಸ್ತಿ ಇಲ್ಲದವರ ಕೈಗೆ ಅಧಿಕಾರ ಹೋದರೆ ಆಸ್ತಿ ಉಳಿಯದು ಎಂಬುದು ಅವನ ವಾದ. ಬೂಟಾಟಿಕೆ ಎನ್ನುವುದಕ್ಕಿಂತ ಭಯ ಎನ್ನುವುದು ಸರಿ. ಅವನ ಭಯ ಸುಳ್ಳಾಯಿತು. 1867ರಲ್ಲಿ ಪಟ್ಟಣದ ಮನೆವಂದಿಗರಿಗೆ, 1884ರಲ್ಲಿ ಹಳ್ಳಿಯ ಮನೆವಂದಿಗರಿಗೆ ಮತ ಬಂದು ಸುಮಾರು 60 ಶೇಕಡ ಗಂಡಸರು ಮತದಾರರಾದರು. ಯಾರ ಆಸ್ತಿಯೂ ಲೂಟಿಯಾಗಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಉದಾರವಾಗಿ ಮಾತಾಡಲು ಆಗುವುದಿಲ್ಲ. ಆಸ್ತಿಯೇ ಅಳತೆಗೋಲಾದರೆ ಆಸ್ತಿವಂತ ಹೆಂಗಸಿಗೇಕೆ ಮತ ಇಲ್ಲ? 1832ರ ಆಗಸ್ಟ್‌ನಲ್ಲಿ ಯಾರ್ಕ್‌ಷೈರಿನ ಮೇರಿ ಸ್ಮಿತ್ ಎಂಬಾಕೆ ಇದನ್ನೇ ಕೇಳಿ ಮನವಿ ಕಳಿಸಿದಳು. ನಾನು ತೆರಿಗೆ ಕಟ್ಟುತ್ತೇನೆ, ಕಾನೂನು ಮೀರಿದರೆ ನನಗೂ ಶಿಕ್ಷೆಯಿದೆ, ಕಾನೂನು ಮಾಡುವವರನ್ನು ಆರಿಸುವಲ್ಲಿ ಮಾತ್ರ ನಾನೇಕೆ ಇಲ್ಲ? ಉತ್ತರವಾಗಿ ಸಿಕ್ಕಿದ್ದು ಸಭೆಯ ನಗು. ಆ ವರ್ಷದ ಕಾಯ್ದೆಯಲ್ಲೇ ಮತದಾರ ಎಂದರೆ ಗಂಡಸು ಎಂದು ಅಕ್ಷರದಲ್ಲಿ ಬರೆದರು. ಹಂಗು, ಆಸ್ತಿ, ತಿಳಿವಳಿಕೆ ಎಂದು ಅವರು ಹಾಕಿದ ಅಳತೆಗಳೆಲ್ಲ ಮೇರಿ ಸ್ಮಿತ್ ಎದುರು ಬಂದಾಗ ಕೈಕೊಟ್ಟವು. 1867ರಲ್ಲಿ ಮಸೂದೆಯ ‘ಗಂಡಸು’ ಎಂಬ ಪದ ತೆಗೆದು ‘ವ್ಯಕ್ತಿ’ ಎಂದು ಹಾಕಿ ಎಂದು ತಿದ್ದುಪಡಿ ತಂದವನು ಮಿಲ್. 73 ಮತ ಬಂತು, 196ರ ಎದುರು ಸೋತಿತು. ನಿಮ್ಮ ಹುಡುಗ ಮಿಲ್‌ನ ಹೆಸರು ಹೇಳಿದ್ದರಿಂದ ಈ ಮಿಲ್‌ನನ್ನೂ ಅವನಿಗೆ ಪರಿಚಯಿಸಿ.

ಮಿಲ್‌ನ ಹೆಚ್ಚುವರಿ ಮತದ ಲೆಕ್ಕ ಹೀಗಿತ್ತು: ಸಾಮಾನ್ಯ ಕೂಲಿಗೆ ಒಂದು ಮತ, ಕುಶಲ ಕೆಲಸಗಾರನಿಗೆ ಎರಡು, ಮೇಸ್ತ್ರಿಗೆ ಮೂರು, ಹೀಗೆ ಏರುತ್ತಾ ವಕೀಲ, ವೈದ್ಯರಂಥವರಿಗೆ ಐದಾರು. ಆಸ್ತಿಗಾಗಿ ಹೆಚ್ಚು ಮತ ಕೊಡುವುದನ್ನು ಅವನು ಒಪ್ಪುತ್ತಿರಲಿಲ್ಲ, ಓದು–ಅನುಭವಕ್ಕೆ ಮಾತ್ರ. ಅವನು ಗುಪ್ತ ಮತದಾನವನ್ನೂ ವಿರೋಧಿಸಿದ. ಮತ ಎಂಬುದು ಸಮಾಜ ನಂಬಿ ಒಪ್ಪಿಸಿದ ಹೊಣೆ, ಅದನ್ನು ನಾಲ್ಕು ಜನರ ಎದುರೇ ಚಲಾಯಿಸಬೇಕು ಎಂಬುದು ಅವನ ನಿಲುವು. ಒಡೆಯನ ಹೊಲದಲ್ಲಿ ಬದುಕದವನು ಹೇಳಬಹುದಾದ ಮಾತು ಅದು. 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ನಮ್ಮ ದೇಶದ ಆಡಳಿತದ ಕಡತ ಬರೆದ ಮಿಲ್, ಪ್ರಾತಿನಿಧಿಕ ಸರ್ಕಾರಕ್ಕೆ ಭಾರತೀಯರು ಇನ್ನೂ ತಯಾರಿಲ್ಲ ಎಂದೇ ನಂಬಿದ್ದ. ‘ಇನ್ನೂ ತಯಾರಿಲ್ಲ’ ಎಂಬ ಈ ಮಾತನ್ನು ಮ್ಯಾಂಚೆಸ್ಟರಿನ ಕೂಲಿಗೆ, ಮೇರಿ ಸ್ಮಿತ್‌ಗೆ, ನಮ್ಮ ಅಜ್ಜಂದಿರಿಗೆ ಒಂದೇ ಉಸಿರಿನಲ್ಲಿ ಹೇಳಲಾಗಿತ್ತು. ಇದನ್ನು ಆ ಹುಡುಗ ತಿಳಿಯಬೇಕು.

ಮೂರನೇ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಸಹೋದ್ಯೋಗಿಗಳು ಹೇಳುವ ಎಲ್ಲ ಉಪಾಯಗಳನ್ನೂ ಯಾರೋ ಒಬ್ಬರು ಮಾಡಿ ನೋಡಿದ್ದಾರೆ.

ತೆರಿಗೆ ಕಟ್ಟಿದಷ್ಟು ಮತ ಎಂಬುದನ್ನು ಜರ್ಮನ್ ರಾಜ್ಯಗಳಲ್ಲೇ ದೊಡ್ಡದಾದ ಪ್ರಷ್ಯಾ 1849ರಿಂದ 1918ರವರೆಗೆ ನಡೆಸಿತು. ತೆರಿಗೆಯ ಒಟ್ಟು ಮೊತ್ತವನ್ನು ಮೂರು ಪಾಲು ಮಾಡುವುದು. ಮೊದಲ ಪಾಲು ಕಟ್ಟುವ ದೊಡ್ಡ ಕುಳಗಳದ್ದು ಒಂದನೇ ವರ್ಗ, ಎರಡನೇ ಪಾಲಿನವರದು ಎರಡನೇ ವರ್ಗ, ಉಳಿದವರೆಲ್ಲ ಮೂರನೆಯದು. ಮೂರೂ ವರ್ಗಕ್ಕೆ ಸಮಾನ ಬಲ. ಶುರುವಿನಲ್ಲೇ ಒಂದನೇ ವರ್ಗದಲ್ಲಿ ಇದ್ದದ್ದು ಮತದಾರರ ಶೇ 5ಕ್ಕಿಂತ ಕಡಿಮೆ ಜನ, ಮೂರನೆಯದರಲ್ಲಿ ಶೇ 80ಕ್ಕೂ ಹೆಚ್ಚು. ನಗರಸಭೆಗಳಿಗೂ ಇದೇ ಪದ್ಧತಿ ಇದ್ದುದರಿಂದ ಎಸ್ಸೆನ್ ನಗರದಲ್ಲಿ ಉಕ್ಕಿನ ಕಾರ್ಖಾನೆಯ ಒಡೆಯ ಕ್ರುಪ್ ಕೆಲವು ಚುನಾವಣೆಗಳಲ್ಲಿ ಒಂದನೇ ವರ್ಗದ ಒಬ್ಬನೇ ಮತದಾರ. ನಗರಸಭೆಯ ಮೂರನೇ ಒಂದು ಭಾಗ ಅವನೊಬ್ಬನ ಆಯ್ಕೆ. ಮತವನ್ನು ಬಾಯಿಬಿಟ್ಟು ಹೇಳಬೇಕಿತ್ತು ಬೇರೆ. ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕನೇ 1867ರಲ್ಲಿ ಇದಕ್ಕಿಂತ ಅರ್ಥಹೀನ ಚುನಾವಣಾ ಕಾನೂನು ಇನ್ನೊಂದಿಲ್ಲ ಎಂಬರ್ಥದ ಮಾತು ಹೇಳಿದ್ದ. ಆದರೂ ಅದು ಅರವತ್ತೊಂಬತ್ತು ವರ್ಷ ಬದುಕಿತು. ಇಂಥ ಪದ್ಧತಿಯ ದೊಡ್ಡ ಅಪಾಯ ಇದೇ. ಅದರಿಂದ ಗೆದ್ದವರ ಕೈಯಲ್ಲೇ ಅದನ್ನು ಬದಲಿಸುವ ಅಧಿಕಾರವೂ ಇರುತ್ತದೆ.

ಮಿಲ್‌ನ ಕನಸಿಗೆ ಹತ್ತಿರ ಬಂದ ದೇಶ ಬೆಲ್ಜಿಯಂ. 1893ರ ದೊಡ್ಡ ಮುಷ್ಕರದ ನಂತರ 25 ದಾಟಿದ ಪ್ರತಿ ಗಂಡಸಿಗೂ ಒಂದು ಮತ ಬಂತು. ಮತದಾರರು ಒಮ್ಮೆಗೇ ಹತ್ತು ಪಟ್ಟಾದರು. ಜೊತೆಗೆ ಸಂಸಾರಸ್ಥ ತೆರಿಗೆದಾರನಿಗೆ, ಆಸ್ತಿ ಇದ್ದವನಿಗೆ, ಉನ್ನತ ಶಿಕ್ಷಣ ಪಡೆದವನಿಗೆ ಹೆಚ್ಚುವರಿ ಮತ, ಒಬ್ಬನಿಗೆ ಗರಿಷ್ಠ ಮೂರು. ಓದಿದವರ ಹೆಚ್ಚುವರಿ ಮತ ಆಳ್ವಿಕೆಯನ್ನು ಬೇರೆ ಮಟ್ಟಕ್ಕೆ ಏರಿಸಿತೇ? ಅಧಿಕಾರದಲ್ಲಿದ್ದ ಪಕ್ಷವೇ ಅಧಿಕಾರದಲ್ಲಿ ಮುಂದುವರಿಯಿತು. ಒಂದು ಮತದವರು ಮೂರು ಮತದವರ ವಿರುದ್ಧ ಮತ್ತೆ ಮತ್ತೆ ಮುಷ್ಕರ ಹೂಡಿದರು. ಮೊದಲ ಮಹಾಯುದ್ಧ ಮುಗಿದು 1919ರಲ್ಲಿ ಅದನ್ನು ಕೈಬಿಟ್ಟರು. ಕಂದಕದಲ್ಲಿ ಜೊತೆಗೆ ನಿಂತು ಗುಂಡು ತಿಂದವರಿಗೆ, ನಿನ್ನದು ಒಂದು, ಅವನದು ಮೂರು ಎಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ.

ಇನ್ನು ಅಕ್ಷರ ಪರೀಕ್ಷೆ, ಅಂದರೆ ನಿಮ್ಮ ಸ್ಟಾಫ್ ರೂಮಿನ ಲೈಸೆನ್ಸ್. ಇದನ್ನು ಶ್ರದ್ಧೆಯಿಂದ ನಡೆಸಿದ್ದು ಅಮೆರಿಕದ ದಕ್ಷಿಣ ರಾಜ್ಯಗಳು. ಮಿಸಿಸಿಪ್ಪಿ 1890ರಲ್ಲಿ, ಮತದಾರನಾಗಬೇಕಾದವನು ರಾಜ್ಯದ ಸಂವಿಧಾನದ ಒಂದು ಭಾಗ ಓದಬೇಕು, ಇಲ್ಲವೇ ಓದಿ ಹೇಳಿದ್ದಕ್ಕೆ ಸರಿಯಾದ ಅರ್ಥ ಹೇಳಬೇಕು ಎಂಬ ನಿಯಮ ತಂದಿತು. ಯಾವ ಭಾಗ ಎಂದು ಆರಿಸುವವನು, ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ನೋಂದಣಿ ಅಧಿಕಾರಿ. ಬಿಳಿಯನಿಗೆ ಒಂದು ಸಾಲಿನ ವಾಕ್ಯ, ಕರಿಯನಿಗೆ ವಕೀಲರೂ ತಡವರಿಸುವ ಕಲಮು. ಲೂಸಿಯಾನಾ 1898ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರ ಅಪ್ಪ ಅಥವಾ ಅಜ್ಜ 1867ರ ಜನವರಿ 1ರಂದು ಮತದಾರನಾಗಿದ್ದನೋ ಅವನಿಗೆ ಈ ಪರೀಕ್ಷೆ ಬೇಡ ಅಂದಿತು. ಆ ದಿನಾಂಕಕ್ಕೆ ಕರಿಯರಿಗೆ ಅಲ್ಲಿ ಮತವೇ ಇರಲಿಲ್ಲ! ಅಂದರೆ ಓದು ಬಾರದ ಬಿಳಿಯ ಒಳಗೆ, ಓದು ಬರುವ ಕರಿಯ ಹೊರಗೆ. 1896ರಲ್ಲಿ ಆ ರಾಜ್ಯದಲ್ಲಿ ಹೆಸರು ನೋಂದಾಯಿಸಿದ್ದ ಕಪ್ಪು ಮತದಾರರು 1,30,334. 1904ರಲ್ಲಿ 1,342. ಈ ಎರಡು ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಒಂದು ನಿಮಿಷ ಸುಮ್ಮನಿರಿ.

ಗಾಡಿಯ ಲೈಸೆನ್ಸಿಗೂ ಇದಕ್ಕೂ ಇರುವ ಅಂತರ ಅಲ್ಲೇ ಕಾಣುತ್ತದೆ. ನೀವು ಗಾಡಿ ಓಡಿಸುವುದರಲ್ಲಿ ಫೇಲಾದರೆ ಪರೀಕ್ಷಿಸುವವನಿಗೆ ಲಾಭವಿಲ್ಲ. ಮತದ ಪರೀಕ್ಷೆಯಲ್ಲಿ ನೀವು ಫೇಲಾದರೆ, ಪರೀಕ್ಷೆ ಇಟ್ಟ ಸರ್ಕಾರಕ್ಕೆ ಒಬ್ಬ ವಿರೋಧಿ ಕಡಿಮೆ. ಇಟಲಿಯ 1882ರ ಕಾನೂನಿನಲ್ಲಿ ಈ ಕೆಟ್ಟ ಉದ್ದೇಶ ಇರಲಿಲ್ಲ. ತೆರಿಗೆಯ ಬದಲು ಅಕ್ಷರಜ್ಞಾನಕ್ಕೆ ಮಹತ್ವ ಕೊಟ್ಟು ಅದು ಮತದಾರರನ್ನು ಹೆಚ್ಚಿಸಿತು. ಆದರೂ ಶಾಲೆಗಳಿದ್ದ ಉತ್ತರಕ್ಕೆ ಲಾಭವಾಯಿತು, ಶಾಲೆಯೇ ಇಲ್ಲದ ದಕ್ಷಿಣದ ರೈತ ಹೊರಗುಳಿದ. ಶಾಲೆ ಕೊಡದ ಸರ್ಕಾರವೇ ಓದಿಲ್ಲವೆಂದು ಅವನನ್ನು ಹೊರಗಿಟ್ಟಂತಾಯಿತು.

ಎಲ್ಲರಿಗೂ ಮತ ಕೊಟ್ಟ ಕಡೆ ಎಲ್ಲ ಸರಿಹೋಯಿತೇ? ಹಾಗೂ ಹೇಳಲಾರೆ. ಫ್ರಾನ್ಸಿನಲ್ಲಿ 1848ರ ತನಕ 200 ಫ್ರಾಂಕ್ ನೇರ ತೆರಿಗೆ ಕಟ್ಟುವ ಸುಮಾರು ಎರಡೂವರೆ ಲಕ್ಷ ಗಂಡಸರಿಗಷ್ಟೇ ಮತ ಇತ್ತು. ಕ್ರಾಂತಿಯಾಗಿ ಒಂದೇ ಏಟಿಗೆ 90 ಲಕ್ಷಕ್ಕೂ ಹೆಚ್ಚು ಗಂಡಸರು ಮತದಾರರಾದರು. ಅದೇ ಡಿಸೆಂಬರಿನಲ್ಲಿ ಅವರು ಭಾರಿ ಬಹುಮತದಿಂದ ಅಧ್ಯಕ್ಷನಾಗಿ ಆರಿಸಿದ್ದು ನೆಪೋಲಿಯನ್ನನ ತಮ್ಮನ ಮಗ ಲೂಯಿ ನೆಪೋಲಿಯನ್ನನನ್ನು. ಮೂರು ವರ್ಷಕ್ಕೆ ಅವನು ಸೈನ್ಯ ಬಳಸಿ ಅಧಿಕಾರ ಕಿತ್ತುಕೊಂಡು, ಆಮೇಲೆ ಚಕ್ರವರ್ತಿಯಾದ. ನಿಮ್ಮ ಹುಡುಗ ಈ ಉದಾಹರಣೆ ಎತ್ತಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೊತೆಗೆ ಮಧ್ಯದ ಒಂದು ಪುಟವನ್ನೂ ಓದಿಸಿ. ಬಡವರ ಮತಕ್ಕೆ ಹೆದರಿದ ಓದಿದವರ ಸಂಸತ್ತು 1850ರ ಮೇ 31ರಂದು ಒಂದೇ ಊರಲ್ಲಿ ಮೂರು ವರ್ಷ ನೆಲೆಸಿರಬೇಕು ಎಂಬ ನಿಯಮ ತಂದು ಸುಮಾರು 30 ಲಕ್ಷ ಜನರ ಮತ ಕಿತ್ತಿತು. ‘ನಿಮ್ಮ ಮತ ನಿಮಗೆ ವಾಪಸ್ ಕೊಡುತ್ತೇನೆ’ ಎಂದೇ ಲೂಯಿ ನೆಪೋಲಿಯನ್ ಸಂಸತ್ತನ್ನು ಮುಚ್ಚಿದ. ಅವನಿಗೆ ಆ ನೆಪ ಒದಗಿಸಿದ್ದು ಮತ ಕಿತ್ತವರು. ಪತ್ರಿಕೆಗಳ ಬಾಯಿ ಕಟ್ಟಿ, ಅಧಿಕಾರಿಗಳ ಮೂಲಕ ಸರ್ಕಾರದ ಅಭ್ಯರ್ಥಿಯನ್ನೇ ಗೆಲ್ಲಿಸುತ್ತಿದ್ದರೆ ಎಲ್ಲರಿಗೂ ಮತ ಇದ್ದೂ ಪ್ರಾತಿನಿಧ್ಯ ಇರುವುದಿಲ್ಲ ಎಂಬುದು ಅಲ್ಲಿಯ ಇಪ್ಪತ್ತು ವರ್ಷದ ಅನುಭವ.

‘ಮೊದಲು ಓದು, ಆಮೇಲೆ ಮತ’ ಎಂಬ ಮಾತಿಗೆ ಇಂಗ್ಲೆಂಡಿನ ದಿನಾಂಕಗಳನ್ನೇ ಇಡಿ. 1867ರಲ್ಲಿ ಕೂಲಿಕಾರರಿಗೆ ಮತ ಕೊಡುವುದನ್ನು ಅತಿ ಹೆಚ್ಚು ವಿರೋಧಿಸಿದವನು ಸಂಸತ್ ಸದಸ್ಯ ರಾಬರ್ಟ್ ಲೋ. ಕಾಯ್ದೆ ಪಾಸಾದ ಮೇಲೆ ಅವನೇ, ನಾಳೆ ನಮ್ಮನ್ನು ಆಳುವವರಿಗೆ ಈಗಲಾದರೂ ಅಕ್ಷರ ಕಲಿಸಬೇಕು ಎಂಬರ್ಥದಲ್ಲಿ ಮಾತಾಡಿದ. 1870ರಲ್ಲಿ ಇಂಗ್ಲೆಂಡಿನಾದ್ಯಂತ ಪ್ರಾಥಮಿಕ ಶಾಲೆಗಳನ್ನು ತೆರೆಯುವ ಶಿಕ್ಷಣ ಕಾಯ್ದೆ ಬಂತು, 1880ರಲ್ಲಿ ಕಡ್ಡಾಯ ಹಾಜರಾತಿ. ಶಾಲೆಗಾಗಿ ಕೂಗು ಮುಂಚಿನಿಂದಲೂ ಇತ್ತು, ಆದರೆ ಅದಕ್ಕೆ ವೇಗ ಬಂದದ್ದು ಶಾಲೆ ಇಲ್ಲದವನ ಕೈಗೆ ಮತ ಬಂದ ಮೇಲೆ.

ನಮ್ಮ ನೆಲಕ್ಕೂ ಇದರ ಎಳೆ ಬಂದಿದೆ. 1881ರ ದಸರಾ ಸಮಯದಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ 144 ಜನ ಬಂದರು, ಎಲ್ಲರೂ ಜಮೀನ್ದಾರರು, ವರ್ತಕರಂಥ ಕುಳಗಳು. ಚುನಾವಣೆ ಶುರುವಾದಾಗಲೂ ಕಂದಾಯ, ಪದವಿ ಇವೇ ಅರ್ಹತೆ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ನಾನು ಅದನ್ನು ಗೌರವದಿಂದಲೇ ಕಲಿಸಿದ್ದೇನೆ. ಆದರೆ ಅಲ್ಲಿ ಹೊಲೆಗೇರಿಯ ಬಾವಿಯ ಮಾತು ಎತ್ತಬೇಕಾದವನಿಗೆ ಸ್ಥಾನ ಇರಲಿಲ್ಲ. 1919ರಲ್ಲೇ, ಭಾರತದಲ್ಲಿ ಯಾರಿಗೆ ಮತ ಕೊಡಬೇಕು ಎಂದು ಪರಿಶೀಲಿಸಿದ ಸೌತ್‌ಬರೋ ಸಮಿತಿಯ ಮುಂದೆ ಅಂಬೇಡ್ಕರ್ ವಾದಿಸಿದ್ದು ಇದನ್ನೇ. ಆಸ್ತಿ, ಓದು ಎಂದು ಗೆರೆ ಎಳೆದರೆ, ಆಸ್ತಿಯನ್ನೂ ಓದನ್ನೂ ಯಾರಿಂದ ಕಸಿದುಕೊಂಡಿದ್ದಿರೋ ಅವರೇ ಮತ್ತೆ ಹೊರಗುಳಿಯುತ್ತಾರೆ. 1951ರ ಜನಗಣತಿಯಲ್ಲಿ ಅಕ್ಷರಸ್ಥರು ಶೇ 18ರಷ್ಟು. ಆದರೂ ಮೊದಲ ಸಾರ್ವತ್ರಿಕ ಚುನಾವಣೆಗೆ 17 ಕೋಟಿಗೂ ಹೆಚ್ಚು ಮತದಾರರ ಪಟ್ಟಿ ಮಾಡಿದರು. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಕಾಂಗ್ರೆಸ್ಸಿನ ಚಿಹ್ನೆಯಾಗಿದ್ದ ಜೋಡೆತ್ತು ನೋಡಿ ಮತ ಹಾಕಲು ಅಕ್ಷರ ಬೇಡ. ಪರದೆಯ ಹಿಂದೆ ಒಡೆಯನ ಕಣ್ಣು ಬೀಳುವುದಿಲ್ಲ. ಒಬ್ಬನಿಗೆ ಒಂದೇ ಮತ ಎಂಬುದು ಪೂರ್ತಿಯಾಗಿ ಇಂಗ್ಲೆಂಡಿನಲ್ಲಿ ಕಾನೂನಾದದ್ದು ಯಾವಾಗ ಗೊತ್ತೇ? ಪದವೀಧರರ, ವ್ಯಾಪಾರಿಗಳ ಎರಡನೇ ಮತ ತೆಗೆದದ್ದು 1948ರ ಕಾಯ್ದೆಯಲ್ಲಿ. ನಾವು ಅವರಿಗಿಂತ ನೂರು ವರ್ಷ ಹಿಂದೆ ಇದ್ದು ಅವಸರ ಮಾಡಿದೆವು ಎಂಬ ಮಾತು ನಿಲ್ಲುವುದಿಲ್ಲ. ಆ ಕೊನೆಯ ಮೆಟ್ಟಿಲನ್ನು ಎರಡೂ ದೇಶಗಳು ಹೆಚ್ಚುಕಡಿಮೆ ಜೊತೆಗೇ ಹತ್ತಿದವು.

ಇನ್ನು ಹುಡುಗನ ವಿಷಯ. ನೇರವಾಗಿ ‘ನಿನ್ನ ಅವ್ವನಿಗೆ ಮತ ಬೇಡವೇನೋ’ ಎಂದು ದಯವಿಟ್ಟು ಕೇಳಬೇಡಿ. ಪ್ರಾಯದಲ್ಲಿ ನಾನೊಮ್ಮೆ ಕೇಳಿದ್ದೆ. ಆ ವಿದ್ಯಾರ್ಥಿ ವರ್ಷವಿಡೀ ನನ್ನ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಮೊದಲು, ಮಿಲ್‌ನ ಬಗ್ಗೆ ನೀನು ಹೇಳಿದ್ದು ಸರಿ, ಚೆನ್ನಾಗಿ ಹುಡುಕಿದ್ದೀಯ ಎಂದು ಎಲ್ಲರೆದುರು ಹೇಳಿ. ಅದು ನಿಜ ಕೂಡ.

ಆಮೇಲೆ ಒಂದು ಆಟ ಆಡಿಸಿ. ಚೀಟಿ ಎತ್ತಿಸಿ ಒಬ್ಬನನ್ನು ಒಡೆಯ, ಕೆಲವರನ್ನು ಅಂಗಡಿಯವರು, ಉಳಿದವರನ್ನು ಗೇಣಿದಾರರು ಮಾಡಿ. ಚೀಟಿಯಿಂದಲೇ ಆಗಲಿ. ಮಕ್ಕಳ ಮನೆಯ ನಿಜವಾದ ಅನುಕೂಲ, ಜಾತಿ ಯಾವುದೂ ಒಳಗೆ ಬರಬಾರದು, ಬಂದರೆ ಆಟ ಗಾಯವಾಗುತ್ತದೆ. ಗೇಣಿದಾರರ ಕೈಗೆ ‘ಮನೆ’ ಎಂದು ಬರೆದ ಕಾರ್ಡ್ ಕೊಡಿ, ಒಡೆಯ ಅದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಗಟ್ಟಿಯಾಗಿ ಮತ ಹೇಳಲಿ. ನಿಮ್ಮ ಆ ಹುಡುಗನನ್ನೇ ಗುಮಾಸ್ತ ಮಾಡಿ, ಹೆಸರಿನ ಎದುರು ಗೆರೆ ಎಳೆಯುವ ಕೆಲಸ ಅವನದು. ಎರಡನೇ ಸುತ್ತಿನಲ್ಲಿ ಅದೇ ಅಭ್ಯರ್ಥಿಗಳು, ಅದೇ ಮತದಾರರು, ಆದರೆ ಚೀಟಿ ಮತ್ತು ಪೆಟ್ಟಿಗೆ. ನಾನು ಆಡಿಸಿದಾಗಲೆಲ್ಲ ಮೊದಲ ಸುತ್ತಿನಲ್ಲಿ ಗೆದ್ದವರು ಎರಡನೆಯದರಲ್ಲಿ ಹೆಚ್ಚಾಗಿ ಸೋತಿದ್ದಾರೆ. ಮತದಾರರ ತಿಳಿವಳಿಕೆ ಹತ್ತು ನಿಮಿಷದಲ್ಲಿ ಬದಲಾಯಿತೇ ಎಂದು ಗುಮಾಸ್ತನನ್ನೇ ಕೇಳಿ. ಉತ್ತರ ಅವನೇ ಹುಡುಕಲಿ, ನೀವು ಹೇಳಬೇಡಿ.

ಪೆಟ್ಟಿಗೆಗೆ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬ ಸಾಕು. 1872ರ ಆಗಸ್ಟ್ 15ರಂದು ಪಾಂಟಿಫ್ರಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ ಇಂಗ್ಲೆಂಡು ಮೊದಲ ಸಲ ಗುಪ್ತವಾಗಿ ಮತ ಹಾಕಿದಾಗ, ಪೆಟ್ಟಿಗೆಯ ಅರಗಿನ ಮೇಲೆ ಒತ್ತಿದ್ದು ಆ ಊರಿನ ಜೇಷ್ಠಮಧು ಮಿಠಾಯಿಗೆ ಒತ್ತುವ ಮುದ್ರೆಯನ್ನು. ಮಿಠಾಯಿ ಕಾರ್ಖಾನೆಯಿಂದ ತಂದದ್ದು. ಆ ಪೆಟ್ಟಿಗೆ, ಮುದ್ರೆಯ ಗುರುತಿನ ಸಮೇತ, ಇಂದಿಗೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ನಿಮ್ಮ ಡಬ್ಬದ ಮುಚ್ಚಳಕ್ಕೆ ಕಾಗದ ಅಂಟಿಸಿ, ಅದರ ಮೇಲೆ ಏನು ಗುರುತು ಒತ್ತಬೇಕೆಂದು ಮಕ್ಕಳೇ ಆರಿಸಲಿ.